ಗುಡಗೇರಿ ಬ್ಯಾಂಡಿನ ಮೊದಲ ಧಾಟಿ

ಮೂರು ವರ್ಷದ ಹಿಂದಿನ ಮಾತು. ರಾಜ್ಯೋತ್ಸವದ ಮುಂಚೆ ಅಣ್ಣಿಗೇರಿಯಲ್ಲಿ ನಡೆದ ಬ್ರಾಸ್ ಬ್ಯಾಂಡ್ ಸ್ಪರ್ಧೆಗೆ ನಾನು ತೀರ್ಪುಗಾರಳಾಗಿದ್ದೆ. ನಾನು ಗೃಹಿಣಿ. ಕಾನ್ವೆಂಟಿನಲ್ಲಿ ಓದುವಾಗ ಶಾಲೆಯ ಬ್ಯಾಂಡಿನಲ್ಲಿ ಕಾರ್ನೆಟ್ ನುಡಿಸುತ್ತಿದ್ದೆ. ಕಾರ್ನೆಟ್ ಎಂದರೆ ಟ್ರಂಪೆಟ್‌ಗಿಂತ ಗಿಡ್ಡದಾದ, ದನಿ ತುಸು ಮೆದುವಾದ ಹಿತ್ತಾಳೆ ವಾದ್ಯ. ಮದುವೆಯಾಗಿ ಅಣ್ಣಿಗೇರಿಗೆ ಬಂದ ಮೇಲೆ ಸುತ್ತಲಿನ ಶಾಲೆಗಳ ಬ್ಯಾಂಡುಗಳಿಗೆ ಅಂಕ ಹಾಕಲು ಕರೆಯತೊಡಗಿದರು. ಮನೆಯ ಹೊರಗೆ ನನ್ನ ಕೆಲಸ ಎಂದು ಹೇಳಿಕೊಳ್ಳುವಂಥದ್ದು ಇದೊಂದೇ.

ಆ ಸ್ಪರ್ಧೆ ಮಾತ್ರ ಶಾಲೆಗಳದ್ದಲ್ಲ, ಮದುವೆಗಳಲ್ಲಿ ನುಡಿಸುವ ಬ್ಯಾಂಡುಗಳದ್ದು. ಗೆದ್ದವರು ರಾಜ್ಯೋತ್ಸವದ ಮೆರವಣಿಗೆಯಲ್ಲಿ ಭುವನೇಶ್ವರಿಯ ಭಾವಚಿತ್ರದ ಮುಂದೆಯೇ ನಡೆಯಬೇಕು ಎಂದು ಸಮಿತಿ ಸಾರಿತ್ತು. ಗುಡಗೇರಿಯ ಬ್ಯಾಂಡಿಗೆ ಅದೇ ಆಸೆ. ಅದರಲ್ಲಿದ್ದವರೆಲ್ಲ ಬೌದ್ಧ ಮನೆತನದವರು; ವರ್ಷವೂ ಅವರನ್ನು ಮೆರವಣಿಗೆಯ ಕಟ್ಟಕಡೆಗೆ, ಸ್ತಬ್ಧಚಿತ್ರ ಹೊತ್ತ ಟ್ರ್ಯಾಕ್ಟರುಗಳ ಹಿಂದೆ ನಿಲ್ಲಿಸುತ್ತಿದ್ದರು. ಅವರ ಮುಖಂಡ ಭೀಮಪ್ಪ ಹೆಸರು ಬರೆಸಲು ಬಂದಾಗ ನಕ್ಕೊಂತ ಹೇಳಿದ್ದರು: “ಈ ಸಲ ಮುಂದ ನಡೀಬೇಕ್ರಿ ಅಕ್ಕಾರ. ಹಿಂದ ನಡದ್ರ ಬರೇ ಟ್ರ್ಯಾಕ್ಟರ್ ಹೊಗಿ ಕುಡಿಯೂದು.”

ಮುಖ ನೋಡಿ ಅಂಕ ಹಾಕುತ್ತಾರೆಂಬ ದೂರು ಪ್ರತಿ ವರ್ಷದ್ದು. ಅದಕ್ಕೇ ನಾನು ತೀರ್ಪುಗಾರರು ಪರದೆಯ ಹಿಂದೆ ಕೂಡಬೇಕೆಂದೆ. ಬ್ಯಾಂಡಿನ ಹೆಸರು ಕೂಗುವಂತಿಲ್ಲ, ಬರೀ ಸಂಖ್ಯೆ. ಎಲ್ಲರಿಗೂ ಒಂದೇ ಮಾರ್ಚ್, ಅಂದರೆ ಹೆಜ್ಜೆಗೆ ಹೊಂದುವ ಒಂದೇ ಧಾಟಿ. ಸಮಿತಿಯ ಅಧ್ಯಕ್ಷ ಬಸಣ್ಣ ಒಪ್ಪಿಕೊಂಡು ಚೇಷ್ಟೆ ಮಾಡಿದರು: “ಬಾಯಾರ, ಏನ್ ಬೀಗರಿಂದ ಮಾರಿ ಮುಚ್ಚಿಕೋತೀರೇನ್ರಿ?”

ಶಾಮಿಯಾನಾದ ಬಟ್ಟೆಯನ್ನೇ ಪರದೆ ಮಾಡಿದರು. ಅದರ ಹಿಂದೆ ನಾನು, ಬಾಜುಕ್ಕೆ ಇನ್ನೊಬ್ಬ ತೀರ್ಪುಗಾರರಾದ ನಿವೃತ್ತ ಸಂಗೀತ ಶಿಕ್ಷಕ ಶಂಕ್ರಪ್ಪ ಮಾಸ್ತರ್. ಬಟ್ಟೆಯ ಅಡಿಯಲ್ಲಿ ನುಡಿಸುವವರ ಬೂಟುಗಳು ಕಾಣುತ್ತಿದ್ದವು. ಅದೂ ಬೇಡವೆಂದು ಕೆಳಗೆ ಜಮಖಾನೆ ಸುತ್ತಿ ಇಡಿಸಿದೆ.

ನಮ್ಮ ಕಡೆ ಯಾವ ಬ್ಯಾಂಡಾದರೂ ಮೊದಲು ಗಣಪತಿಯ ಧಾಟಿ ನುಡಿಸಿಯೇ ಮುಂದಿನದಕ್ಕೆ ಕೈಹಾಕುವುದು. ಅದಕ್ಕೆ ಅಂಕವಿಲ್ಲ, ಹಾಗಾಗಿ ನಿಯಮ ಬರೆಯುವಾಗ ಯಾರಿಗೂ ಅದು ನೆನಪಾಗಲಿಲ್ಲ. ಮೂರನೆಯ ಸಂಖ್ಯೆ ಕೂಗಿದಾಗ ಗಣಪತಿ ಬರಲಿಲ್ಲ. ಕಾರ್ನೆಟ್ ಒಂದೇ, ನಿಧಾನವಾಗಿ, ಉದ್ದುದ್ದ ಉಸಿರಿನಲ್ಲಿ ಬುದ್ಧವಂದನೆ ನುಡಿಸಿತು.

ಮಾಸ್ತರ್ ಪೆನ್ನಿನ ಕ್ಯಾಪು ಹಾಕಿ ಚಹಾ ಎತ್ತಿಕೊಂಡರು. “ಗುಡಗೇರಿಯವ್ರು ಬಂದ್ರು.”

“ಹೆಸರು ಹೇಳಬ್ಯಾಡ್ರಿ ಮಾಸ್ತರ.”

“ನಾ ಎಲ್ಲಿ ಹೇಳಿದೆನ್ರಿ? ಅವರ ಹೇಳಾಕತ್ತಾರಲ್ಲ.”

ಆಮೇಲೆ ಅವರು ಮಾರ್ಚ್ ನುಡಿಸಿದರು. ಮೊದಲಿನ ಎರಡು ಬ್ಯಾಂಡುಗಳಲ್ಲಿ ತಾರಕಕ್ಕೆ ಹೋದಾಗ ಶ್ರುತಿ ಜಾರಿತ್ತು, ಇವರದು ಜಾರಲಿಲ್ಲ. ಡೊಳ್ಳಿನಂಥ ಬಾಸ್ ಡ್ರಮ್ಮು ಗದ್ದಲ ಮಾಡದೆ ಹೆಜ್ಜೆ ಹಿಡಿದಿತ್ತು. ಮಾರ್ಚ್ ಮುಗಿಯುವವರೆಗೂ ಮಾಸ್ತರ್ ಪೆನ್ನಿನ ಕ್ಯಾಪು ತೆಗೆಯಲಿಲ್ಲ.

ಎಲ್ಲರದೂ ಮುಗಿದ ಮೇಲೆ ಪಟ್ಟಿ ಹೋಲಿಸಿದೆವು. ಗುಡಗೇರಿಗೆ ಐವತ್ತಕ್ಕೆ ನಾನು ನಲವತ್ತಮೂರು ಹಾಕಿದ್ದೆ, ಮಾಸ್ತರ್ ಇಪ್ಪತ್ತು. ಬೇರೆ ಬ್ಯಾಂಡುಗಳಿಗೆ ನಮ್ಮಿಬ್ಬರ ಅಂಕ ಹೆಚ್ಚುಕಡಿಮೆ ಒಂದೇ ಇದ್ದವು.

“ಎಲ್ಲಿ ತಪ್ಪಿದ್ರು ಅವರು?” ಎಂದೆ.

“ಒಟ್ಟಾರೆ ಹಿತ ಅನಿಸಲಿಲ್ಲರಿ.”

“ಶ್ರುತಿ ತಪ್ಪಿತೋ, ಲಯ ತಪ್ಪಿತೋ ಹೇಳ್ರಿ.”

ಮಾಸ್ತರ್ ಅಂಕಪಟ್ಟಿ ಒಯ್ಯಲು ಬಂದಿದ್ದ ಬಸಣ್ಣನ ಕಡೆ ತಿರುಗಿದರು. “ತಾಯಿ ಫೋಟೋ ಮುಂದ ನಡ್ಯಾವ್ರು, ಗಣಪತಿನ್ನ ನೆನಸಲಾರದವ್ರು ಆಗಬೇಕೇನ್ರಿ?”

ಸಂಖ್ಯೆ ಬದಲಿಸಿ, ಗಣಪತಿ ಬಿಟ್ಟು ಬರೀ ಮಾರ್ಚನ್ನು ಇನ್ನೊಮ್ಮೆ ನುಡಿಸಲು ಎಲ್ಲರಿಗೂ ಹೇಳೋಣ ಎಂದೆ. ಬಸಣ್ಣ ಕೈಜೋಡಿಸಿದರು. “ಮಂದಿ ಎದ್ದ ನಿಂತಾರ್ರಿ ಬಾಯಾರ. ಇಬ್ಬರದೂ ಕೂಡಿಸಿ ಹೇಳಿಬಿಡೂಣು.” ನಾನು ಸಹಿ ಮಾಡಲಿಲ್ಲ. ಮಾಸ್ತರದೊಂದೇ ಸಹಿ ಸಾಕಾಯಿತು. ಮೈಕಿನಲ್ಲಿ ಬಸಣ್ಣ ಮೊದಲು ಹೇಳಿದ್ದು ಗೆದ್ದವರ ಹೆಸರನ್ನಲ್ಲ. ಪರದೆಯ ಹಿಂದೆ ಕೂತು, ಯಾರ ಮುಖವನ್ನೂ ನೋಡದೆ ಕೊಟ್ಟ ತೀರ್ಪು ಇದು ಎಂದರು. ಮಂದಿ ಚಪ್ಪಾಳೆ ತಟ್ಟಿದರು. ಗುಡಗೇರಿ ಕೊನೆಯ ಸ್ಥಾನದಲ್ಲಿತ್ತು.

ಭೀಮಪ್ಪ ಶಾಮಿಯಾನಾದ ಹೊರಗೆ ಕಾರ್ನೆಟ್ ಬಗ್ಗಿಸಿ ಒಳಗಿನ ನೀರು ಬಸಿಯುತ್ತಿದ್ದರು. ಹುಣಸೆಹಣ್ಣು ಹಚ್ಚಿ ಬೆಳಗಿದ ವಾದ್ಯ. ಸಂದಿಯಲ್ಲಿ ಹಸಿರು ಕಿಲುಬು ಉಳಿದಿತ್ತು. ನಾನು ಕೊಟ್ಟದ್ದೆಷ್ಟು, ಮಾಸ್ತರ್ ಕೊಟ್ಟದ್ದೆಷ್ಟು, ಏಕೆ, ಎಲ್ಲ ಹೇಳಿದೆ.

“ಮೊದಲಾದ್ರ ಜಗಳಾ ಮಾಡಾಕ ಬರ್ತಿತ್ರಿ ಅಕ್ಕಾರ,” ಎಂದರು ತಲೆ ಎತ್ತದೆ. “ಮಾರಿ ನೋಡಿ ಸೋಲಿಸೀರಿ ಅಂತಿದ್ವಿ. ಈಗ ಏನಂತ ಅನ್ನೂಣ್ರಿ?”

ಪರದೆಯಿಂದ ನುಡಿಸುವವರ ಗುರುತು ಮುಚ್ಚಿರಲಿಲ್ಲ, ಅಂಕ ಹಾಕುವವರ ಮುಖ ಮಾತ್ರ ಮುಚ್ಚಿತ್ತು. ಅಂದಿನಿಂದ ಎಲ್ಲಿ ಕರೆದರೂ ಒಂದೇ ಷರತ್ತು ಹಾಕುತ್ತೇನೆ: ತೀರ್ಪುಗಾರರು ಎದುರಿಗೆ ಕೂಡಬೇಕು, ಕಡಿತ ಮಾಡಿದ ಪ್ರತಿ ಅಂಕಕ್ಕೂ ಕಾರಣವನ್ನು ಮೈಕಿನಲ್ಲಿ ಹೇಳಬೇಕು. ಆ ಸಮಿತಿ ನನ್ನನ್ನು ಮತ್ತೆ ಕರೆದಿಲ್ಲ.

ಮರುವರ್ಷದ ಮೆರವಣಿಗೆ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಟ್ರ್ಯಾಕ್ಟರುಗಳೆಲ್ಲ ದಾಟಿದ ಮೇಲೆ ಗುಡಗೇರಿಯವರು ಬಂದರು. ಗೇಟಿನ ಹತ್ತಿರ ನಿಂತು ಎಲ್ಲರ ಹಾಗೆಯೇ ಗಣಪತಿಯಿಂದ ಶುರುಮಾಡಿದರು. ಶ್ರುತಿ ಎಲ್ಲಿಯೂ ತಪ್ಪಲಿಲ್ಲ. ಭೀಮಪ್ಪ ಮಾತ್ರ ಕಾರ್ನೆಟ್ಟನ್ನು ಕಂಕುಳಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದರು. ಆ ಧಾಟಿ ಪೂರ್ತಿ ಮುಗಿದ ಮೇಲೆ ಅದನ್ನು ತುಟಿಗಿಟ್ಟರು.