ದಸ್ತಗೀರ ಚಾಚಾನ ಹಿಮ್ಮಡಿ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ನಮ್ಮ ಕಮಲಾಪುರದಲ್ಲಿ ಯಾರ ಮೈಗೂ ಗೀರು ಬೀಳಲಿಲ್ಲವೆಂದು ಕಾಕಾ ಬಂದವರಿಗೆಲ್ಲ ಹೇಳುತ್ತಾನೆ. ಕೇಳಿದವರು ತಲೆಯಾಡಿಸುತ್ತಾರೆ, ನಾನು ಆಡಿಸುವುದಿಲ್ಲ. ಕಲಬುರಗಿಯ ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಚಟ ಇದೆಂದು ಅವನ ದೂರು. ಇರಲಿ. ಬಿಸಿ ಎಳ್ಳೆಣ್ಣೆಗೆ ಅರಿಸಿನ ಬಿದ್ದ ವಾಸನೆ ಎಲ್ಲಿ ಬಂದರೂ ನನಗೆ ಕಾಣುವುದು ಪಕ್ಕದ ಮನೆಯ ಪಡಸಾಲೆ, ಅಲ್ಲಿ ಕೂತ ದಸ್ತಗೀರ ಚಾಚಾ. ಉಳುಕಿದ ಕಾಲು, ಜಾರಿದ ಭುಜ ಹೊತ್ತು ಊರೆಲ್ಲ ಅಲ್ಲಿಗೇ ಬರುತ್ತಿತ್ತು. “ಹೇಣ್ತಿಗಿ ಅಂಜಲ್ದವ ಎಣ್ಣಿಗಿ ಅಂಜತಿ ಏನೋ?” ಎನ್ನುತ್ತಿದ್ದ, ನಗುವಷ್ಟರಲ್ಲಿ ಕೀಲು ಕೂತಿರುತ್ತಿತ್ತು. ಬಾವು ಬಂದ ಮಣಿಕಟ್ಟಿಗೆ ಹಸಿ ಬಾಳೆಪಟ್ಟೆ ಸುತ್ತಿ ಕಟ್ಟುತ್ತಿದ್ದ. ಅವನ ಹೆಂಡತಿ ಖಾಲಾ ಎಣ್ಣೆ ಕಾಸುತ್ತಲೇ ನನ್ನ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದಳು.

ಭಾರತದ ಸೈನ್ಯ ಬಂದ ಮರುವಾರ, ಹಾಡಹಗಲು, ಹಿಂದೆ ಅದೇ ಪಡಸಾಲೆಯಲ್ಲಿ ಕಾಲು ನೀಡಿ ಕೂತು ಎಣ್ಣೆ ಹಚ್ಚಿಸಿಕೊಂಡು ಹೋಗಿದ್ದ ಊರಿನವರೇ ನಾಲ್ವರು ಒಳಗೆ ನುಗ್ಗಿದರು. ನಿಜಾಮನ ಪರ ಊರೂರು ಸುಲಿದ ರಜಾಕಾರರ ಮೇಲಿನ ಸೇಡು ಎಂದರು. ಚಾಚಾ ರಜಾಕಾರನಲ್ಲ, ಅದು ಅವರಿಗೂ ಗೊತ್ತಿತ್ತು. ಬೋರಲು ಕೆಡವಿ, ಒಬ್ಬ ಬೆನ್ನ ಮೇಲೆ ಕೂತ, ಇನ್ನೊಬ್ಬ ಕುಡಗೋಲಿನಿಂದ ಬಲಗಾಲಿನ ಹಿಮ್ಮಡಿಯ ನರ ಕೊಯ್ದ. ಬಿಗಿದ ಹಗ್ಗ ಹರಿದಂಥ ಸದ್ದು. ಮೀನಖಂಡ ಮೇಲಕ್ಕೆ ಸರಿದು ಮುಷ್ಟಿಯಂತೆ ಗುಂಡಗಾಯಿತು. ನಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದ ನನ್ನ ಬಾಯಿಯನ್ನು ಅವ್ವ ಒತ್ತಿ ಹಿಡಿದಿದ್ದಳು.

ಅವರು ಹೋದ ಮೇಲೆ ಚಾಚಾ ತನಗೆ ತಾನೇ ವೈದ್ಯನಾದ. ಹರಿದ ತುದಿಗಳು ಹತ್ತಿರವಿರಲೆಂದು ಪಾದವನ್ನು ಕೆಳಮುಖ ಮಾಡಿ ಕಟ್ಟಿಸಿಕೊಂಡ. ಬಂಡಿಯಿದ್ದ ಕಾಕಾನನ್ನು ಕರೆಸಿ, “ಇದು ನನ್ನ ಎಣ್ಣಿಗಿ ಕೂಡಂಗಿಲ್ಲೋ ತಮ್ಮಾ, ಹೊಲಿಗಿ ಬೇಕು. ನರ ಮ್ಯಾಲ ಸೇದಕೊಳ್ಳೂದರಾಗ ಕಲಬುರ್ಗಿ ದವಾಖಾನಿ ಮುಟ್ಟಿಸು” ಎಂದ.

“ದಾರಿ ಬಂದ್ ಅದ ಚಾಚಾ. ನಾಳಿಗಿ ಹೋಗಮು.”

ಮರುದಿನವೂ ಅದೇ ಮಾತು. ಬೇರೆ ಬಂಡಿ ನೋಡುತ್ತೇನೆಂದ ಖಾಲಾಳನ್ನು, ಮಾತು ಕೊಟ್ಟಾನಲ್ಲ ಎಂದು ಚಾಚಾನೇ ತಡೆದ. ಮೂರನೆಯ ದಿನ ಕಾಕಾ ಬಂಡಿಗೆ ಕೆಂಪು ಬಾಳೆಗೊನೆ ಹೇರಿಕೊಂಡು ಅದೇ ದಾರಿಯಲ್ಲಿ ಕಲಬುರಗಿಗೆ ಹೋಗಿಬಂದ. ಪೇಟೆಯಿಂದ ನನಗೆ ಬಳೆ ತಂದಿದ್ದ; ಆ ಸಾಕ್ಷ್ಯವನ್ನು ನಾನು ಕೈಗೆ ತೊಟ್ಟುಕೊಂಡು ಮೆರೆದೆ. ಆಮೇಲೆಯೂ ನಾಳೆ ಮುಗಿಯಲಿಲ್ಲ. ಹದಿನೆಂಟನೆಯ ದಿನ ಖಾಲಾ ಕೊನೆಗೆ ಬೇರೆ ಬಂಡಿ ಹಿಡಿದು ದವಾಖಾನೆಗೆ ಒಯ್ದಾಗ ಕೀವು ಸುರಿಯುವ ಕಾಲನ್ನು ಕಂಡ ಡಾಕ್ಟರು, ಮೊದಲ ವಾರ ತಂದಿದ್ದರೆ ಹೊಲಿಯುತ್ತಿದ್ದೆ, ಈಗ ತುದಿಯೇ ಕೈಗೆ ಸಿಗದು ಎಂದರಂತೆ. ಚಾಚಾ ಬಡಿಗೆ ಊರಿಕೊಂಡು ಬಂದ. ಪಡಸಾಲೆಗೆ ಯಾರೂ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಗಂಡ ಹೆಂಡತಿ ಹೈದರಾಬಾದಿಗೆ ಹೊರಟುಹೋದರು. ಈಗ ಆ ಮನೆಗೆ ಮಾಳಿಗೆಯೂ ಇಲ್ಲ, ಒಲೆಯಿದ್ದಲ್ಲಿ ಯಾರದೋ ಆಡು ಕಟ್ಟಿರುತ್ತಾರೆ.

ಈ ಸಲ ರಜೆಗೆ ಬಂದಾಗ ಕಾಕಾ ಮತ್ತೆ ಅದೇ ಕಥೆ ತೆಗೆದ. ನಾನು ಎದುರು ಕೂತು ಹೇಳಿದೆ:

“ಅಂಜಿಕಿ ಇತ್ತು ಅಂದ್ರ ನಾ ವಾದ ಬಿಡ್ತೀನಿ ಕಾಕಾ. ಬರಂಗಿಲ್ಲ ಅಂತ ಒಮ್ಮಿ ಅಂದಿದ್ರ ಖಾಲಾ ಬ್ಯಾರೆ ಬಂಡಿ ತರ್ತಿದ್ಳು. ದಿನಾ ನಾಳಿಗಿ ಅಂತ ಯಾಕ ಅಂದಿ?”