ಅಜ್ಜನಿಂದಾಚೆಗೆ

ಬೈಬಲಿನ ಹಳೆಯ ಒಡಂಬಡಿಕೆಯ ವಂಶಾವಳಿಗಳನ್ನು ಪ್ರೀತಿಯಿಂದ ಓದುವ ಒಬ್ಬರನ್ನೇ ನಾನು ಕಂಡಿದ್ದೇನೆ, ನನ್ನ ಅಪ್ಪನನ್ನು. ಇಂಥವನು ಇಂಥವನನ್ನು ಪಡೆದನು, ಅವನು ಮತ್ತೊಬ್ಬನನ್ನು ಪಡೆದನು ಎಂದು ಪುಟಗಟ್ಟಲೆ ಸಾಗುವ ಆ ಅಧ್ಯಾಯಗಳನ್ನು ಹೈದರಾಬಾದಿನ ನಮ್ಮ ಕನ್ನಡ ಸಭೆಯ ಪಾದ್ರಿಗಳೇ ಹಾರಿಸಿಬಿಡುತ್ತಿದ್ದರು. ಅಪ್ಪ ಮಾತ್ರ ಕಾರ್ಖಾನೆಯಿಂದ ಬಂದು, ಕೈಗೆ ಹತ್ತಿದ ಗ್ರೀಸು ತೊಳೆದು, ಒಂದು ಹೆಸರೂ ಬಿಡದೆ ಓದುತ್ತಿದ್ದರು. ನಮಗೆ ಆಕಳಿಕೆ, ಅವರಿಗೆ ಬಂಧುಬಳಗ. ಬೀದರ ಕಡೆಯ ಹಳ್ಳಿಯಲ್ಲಿ ಅಜ್ಜ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ದಿನವೇ ಇಸ್ರಾಯೇಲಿನ ಹನ್ನೆರಡು ಕುಲಗಳೂ ನಮ್ಮವಾದವು ಎಂದು ಅಪ್ಪ ನಂಬಿದ್ದರು.

ನಾನು ಆಗ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ಅಲ್ಲೇ ಕೆಲಸ ಮಾಡುತ್ತಿದ್ದ ಕೂಕಟ್‌ಪಲ್ಲಿಯ ಹುಡುಗನೂ ಕನ್ನಡದವನೇ, ಕ್ರೈಸ್ತನೇ. ನಾವಿಬ್ಬರೂ ಒಪ್ಪಿದ್ದೆವು. ಒಂದು ಭಾನುವಾರ ಅವನ ಮನೆಯವರು ಲಿಂಗಂಪಲ್ಲಿ ಹತ್ತಿರದ ನಮ್ಮ ಕ್ವಾರ್ಟರ್ಸಿಗೆ ಬಂದರು. ಸುತ್ತಲೂ ಬಂಡೆ ಒಡೆದು ಕಟ್ಟಡ ಎಬ್ಬಿಸುತ್ತಿದ್ದ ಕಾಲ, ಹುಡುಗನ ತಂದೆ ಬಹಳ ಹೊತ್ತು ಪ್ಲಾಟುಗಳ ಮಾತನ್ನೇ ಆಡಿದರು. ಅಮ್ಮ ಮಾಡಿದ ಚುರಮುರಿ ಸೂಸಲಾ ಎರಡು ಸಲ ಹಾಕಿಸಿಕೊಂಡರು. ಸಂಬಂಧ ಕುದುರಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ಅವರು ಕೈ ಒರೆಸಿಕೊಳ್ಳುತ್ತ ಅಪ್ಪನನ್ನು ಕೇಳಿದರು.

"ನಿಮ್ಮ ತಂದಿಯವರ ಸುದ್ದಿ ಗೊತ್ತಾಯ್ತ್ರಿ. ಅವರಕಿಂತ ಮೊದಲಿನ ಹಿರಿಯರು ಯಾರ್ರಿ?"

ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಅವರು ಕೇಳಿದ್ದು ಜಾತಿಯನ್ನು. ಅಮ್ಮನಿಗೂ ನನಗೂ ತಿಳಿಯಿತು, ಅಪ್ಪನಿಗೆ ತಿಳಿಯಲಿಲ್ಲ. ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿದರೆಂದು ಮುಖವರಳಿಸಿ ಅಬ್ರಹಾಮನಿಂದ ಶುರು ಮಾಡಿದರು. ಬಂದವರು ತಮಾಷೆ ಎಂದುಕೊಂಡು ನಕ್ಕರು. ಅಪ್ಪ ನಿಲ್ಲಿಸಲಿಲ್ಲ. ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹುಡುಗ ನೆಲ ನೋಡುತ್ತಿದ್ದ.

ಅವರು ಹೋದ ಮೇಲೆ, ನಗುವಂಥದ್ದು ಏನಿತ್ತು ಎಂದು ಅಪ್ಪ ಕೇಳಿದರು. ಅಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಅಪ್ಪ ಮತ್ತೆ ಅದೇ ಅಧ್ಯಾಯಗಳನ್ನು ತೆಗೆದರು. ಕಾನಾನ್ ದೇಶದಲ್ಲಿ ಹೊಲ ಹಂಚಿದ್ದು ಕುಲದ ಲೆಕ್ಕದಲ್ಲಿ. ಬಾಬೆಲಿನ ಸೆರೆಯಿಂದ ಮರಳಿದಾಗ ವಂಶದ ಗುರುತು ಸಿಗದ ಯಾಜಕರನ್ನು ಯಾಜಕತ್ವದಿಂದ ಹೊರಗಿಟ್ಟರು. ಇದೆಲ್ಲ ಅವರಿಗೆ ಬಾಯಿಪಾಠವಿತ್ತು. ತಾನು ಯಾರ ಸಾಲಿನಲ್ಲಿ ನಿಂತಿದ್ದೇನೆಂದು ಮಾತ್ರ ಯೋಚಿಸಿರಲಿಲ್ಲ.

"ಹೊಲ ಇದ್ದವರ ಹೆಸರು ಬರದಾರ ಇದ್ರಾಗ," ಎಂದು ಪುಸ್ತಕ ಮುಚ್ಚಿದರು.

ಮರುದಿನ ಕ್ಯಾಂಟೀನಿನಲ್ಲಿ ಹುಡುಗ ಒಂದು ದಾರಿ ಹೇಳಿದ. ಮುತ್ತಜ್ಜನದೊಂದು ಮರ್ಯಾದಸ್ಥ ಹೆಸರು, ಒಂದು ಊರು ಹೇಳಿದರೆ ಸಾಕು, ತನ್ನ ತಂದೆಯನ್ನು ಒಪ್ಪಿಸುತ್ತೇನೆ ಎಂದ. ಅವನನ್ನು ಬಿಡಲು ನನಗೆ ಮನಸ್ಸಿರಲಿಲ್ಲ, ಅಪ್ಪನಿಗೆ ಹೇಳಿದೆ. ಅವರು ಎಸ್‌ಟಿಡಿ ಬೂತಿನಿಂದ ಹಳ್ಳಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿ ತಮ್ಮ ಸೋದರತ್ತೆಯನ್ನು ಕರೆಸಿದರು. ಮುತ್ತಜ್ಜನ ಮಕ್ಕಳಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಕಿವಿ ಮಂದ, ಹಾಗಾಗಿ ಅವಳು ಕೂಗಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ನಾ ಸಣ್ಣಾಕಿ ಇದ್ದಾಗೇ ಹೋದನಪ್ಪಾ. ನಾವು ಅಪ್ಪಾ ಅಂತಿದ್ವಿ, ಗೌಡರು ಲೇ ಅಂತಿದ್ರು. ಹೆಸರು ಹಿಡದು ಕರದಿದ್ದು ನಾ ಕೇಳೇ ಇಲ್ಲ."

ಯಾವುದೋ ಒಂದು ಹೆಸರು ಹೇಳಿಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಅಪ್ಪನನ್ನು ಗೋಗರೆದೆ. ಅವರು ಬೂತಿನವನಿಗೆ ದುಡ್ಡು ಕೊಟ್ಟು ಹೊರಗೆ ಬಂದರು.

"ಅವಗ ಒಂದು ಹೆಸರು ಇತ್ತವ್ವಾ. ನಮಗ ಗೊತ್ತಿಲ್ಲ, ಅಷ್ಟೇ. ಅದರ ಮ್ಯಾಲ ಇನ್ನೊಂದು ಹ್ಯಾಂಗ ಇಡ್ಲಿ?"

ಹೆಸರು ಸಿಗಲಿಲ್ಲ ಎಂದು ಮಾರನೆಯ ದಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಹುಡುಗನಿಗೆ ಹೇಳಿದೆ. ಅವನಿಗೆ ನಿಜಕ್ಕೂ ದುಃಖವಾಯಿತು, ಕಣ್ಣು ತುಂಬಿಕೊಂಡವು. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ.