ಬಾಕಿ ಉಳಿದ ಒಂದು ಮುಯ್ಯಾಳು

ಹಾಸನದ ಹತ್ತಿರದ ದುದ್ದದ ರಾಮಣ್ಣನವರ ಮಗಳು ರೂಪಶ್ರೀಗೆ ಆಯಾಸ ಎನ್ನುವುದು ಹುಟ್ಟಿನಿಂದ ಬಂದದ್ದಲ್ಲ, ವೀಸಾದ ಜೊತೆಗೆ ಬಂದದ್ದು. ಅದಕ್ಕೂ ಮುಂಚೆ ಅವಳು ಊರಿನ ಹಾಲಿನ ಡೇರಿಯಲ್ಲಿ ಏಳು ವರ್ಷ ಹಾಲು ಪರೀಕ್ಷೆ ಮಾಡಿದವಳು. ಹಾಲಿಗೆ ಬೆರೆತ ನೀರು ಹಿಡಿಯುವ ಲ್ಯಾಕ್ಟೋಮೀಟರನ್ನು ಅವಳು ಕೈಗೆತ್ತಿಕೊಂಡರೆ ಊರಿನ ಬೋರ್‌ವೆಲ್ಲುಗಳು ಅಪರಾಧಿಗಳ ಹಾಗೆ ಬೆವರುತ್ತಿದ್ದವು ಎಂದು ಈಗಲೂ ಜನ ಹೇಳುತ್ತಾರೆ.

ಹಾಲು ಯಾಕೆ ಕೆಡುತ್ತದೆ, ಕೆಡದ ಹಾಗೆ ಏನು ಮಾಡಬೇಕು ಎಂದು ಏಳು ವರ್ಷ ಯೋಚಿಸಿದ ಮೇಲೆ ಅವಳಿಗೆ ಅದನ್ನೇ ದೊಡ್ಡದಾಗಿ ಓದಬೇಕು ಅನ್ನಿಸಿತು. ಇಂಗ್ಲೆಂಡಿನಲ್ಲಿ ಆಹಾರ ಸುರಕ್ಷತೆಯ ಒಂದು ವರ್ಷದ ಎಂಎಸ್ಸಿ ಇದೆ ಎಂದು ಫೋನಿನಲ್ಲಿ ನೋಡಿದಳು. ಆಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ತಾಲ್ಲೂಕುಗಳ ಗಂಡುಗಳು ಸರದಿಯ ಮೇಲೆ ಬಂದು ತಿಂದು ಹೋದ ಉಪ್ಪಿಟ್ಟನ್ನು ಒಂದೇ ಕಡೆ ಸುರಿದಿದ್ದರೆ ದುದ್ದಕ್ಕೆ ಇನ್ನೊಂದು ಗುಡ್ಡ ಎದ್ದಿರುತ್ತಿತ್ತು. ಯಾರಿಗೂ ಅವಳು ಒಪ್ಪಿಗೆಯಾಗಲಿಲ್ಲ, ಅವಳಿಗೂ ಯಾರೂ ಆಗಲಿಲ್ಲ. ಅವ್ವ ದೊಡ್ಡತಾಯಮ್ಮ ಕೊನೆಗೆ, ರವೆಗೆ ಹಾಕುವ ದುಡ್ಡನ್ನು ಓದಿಗೇ ಹಾಕೋಣ ಎಂದು ತೀರ್ಮಾನ ಕೊಟ್ಟಳು.

ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ, ಪಾಲಾಕ್ಷ ಎಂಬಾತ ವಿದೇಶಕ್ಕೆ ಕಳಿಸುವ ಕಚೇರಿ ಇಟ್ಟಿದ್ದ. ಅವನ ಗೋಡೆಯ ಮೇಲೆ ಎಷ್ಟು ದೇಶಗಳ ಬಾವುಟ ಇದ್ದವೆಂದರೆ, ಅವುಗಳಲ್ಲಿ ನಾಲ್ಕೈದು ದೇಶಗಳು ಇನ್ನೂ ಹುಟ್ಟಿರಲಿಲ್ಲ. ಸ್ವತಃ ಪಾಲಾಕ್ಷ ಪೂರ್ವಕ್ಕೆ ಚನ್ನರಾಯಪಟ್ಟಣ, ದಕ್ಷಿಣಕ್ಕೆ ಹೊಳೆನರಸೀಪುರ ದಾಟಿದವನಲ್ಲ. ಆದರೆ ಲಂಡನ್ನಿನ ಬಗ್ಗೆ ಮಾತಾಡುವಾಗ ಅಲ್ಲಿನ ಮಳೆ ತನ್ನ ಹೆಗಲ ಮೇಲೇ ಬಿದ್ದ ಹಾಗೆ ನಡುಗುತ್ತಿದ್ದ. ವೀಸಾ ಸಂದರ್ಶನದ ತಾಲೀಮಿಗೆ ಅವನೇ ಇಂಗ್ಲಿಷ್ ಅಧಿಕಾರಿಯಾಗಿ, ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ. ಈ ಕಾಲೇಜೇ ಯಾಕೆ, ಈ ಕೋರ್ಸೇ ಯಾಕೆ, ಓದು ಮುಗಿದ ಮೇಲೆ ಏನು ಎಂದು ಕೇಳಿದ್ದನ್ನೇ ಕೇಳಿ, ಕೊನೆಗೆ ಬೆವರು ಒರೆಸಿಕೊಂಡು ಒಂದು ಮಾತು ಹೇಳುತ್ತಿದ್ದ.

"ಮೇಡಂ, ಒಂದ್ ಮಾತ್ರ ಮರೀಬೇಡಿ. ವಾರಕ್ಕೆ ಇಪ್ಪತ್ತು ಗಂಟೆ ಕೆಲ್ಸ. ಇಪ್ಪತ್ತೊಂದನೇ ಗಂಟೆಗೆ ನೀವು ವಾಪಸ್ ದುದ್ದದಲ್ಲಿ ಇರ್ತೀರಿ."

ಆಮೇಲೆ ಶುರುವಾಯಿತು ಓಡಾಟ. ಇಂಗ್ಲಿಷ್ ಪರೀಕ್ಷೆಗೆ ಒಂದು ಊರು, ಶ್ವಾಸಕೋಶದ ಫೋಟೋಕ್ಕೆ ಇನ್ನೊಂದು ಊರು, ಬ್ಯಾಂಕಿನ ಮೊಹರಿಗೆ ಹಾಸನ, ಆ ಮೊಹರು ಮಸುಕಾಗಿದೆ ಎಂದು ಮತ್ತೆ ಹಾಸನ. ಬೆಂಗಳೂರಿನಲ್ಲಿ ಬೆರಳಚ್ಚು ಕೊಡುವಾಗ ಯಂತ್ರಕ್ಕೆ ಅವಳ ಬೆರಳೇ ಕಾಣಲಿಲ್ಲ. ಏಳು ವರ್ಷ ಸೋಡಾಪುಡಿಯಲ್ಲಿ ಕ್ಯಾನು ತಿಕ್ಕಿ ತಿಕ್ಕಿ ಗೆರೆಗಳೆಲ್ಲ ತೊಳೆದುಹೋಗಿದ್ದವು. ಅಲ್ಲಿದ್ದ ಹುಡುಗಿ ಒರೆಸಿದಳು, ಒತ್ತಿದಳು, ಕೊನೆಗೆ ಊದಿದಳು. ಒಂದು ಬೆರಳು ಸಿಕ್ಕಾಗ ಸರದಿಯಲ್ಲಿದ್ದವರೆಲ್ಲ ಲಾಟರಿ ಹೊಡೆದವರ ಹಾಗೆ ಉಸಿರು ಬಿಟ್ಟರು. ವೀಸಾ ಬರಲು ಕ್ಯಾಲೆಂಡರಿನ ಪ್ರಕಾರ ಮೂರೇ ವಾರ ಹಿಡಿಯಿತಂತೆ. ರೂಪಶ್ರೀಯ ಲೆಕ್ಕದಲ್ಲಿ ಅಷ್ಟರೊಳಗೆ ಕೊಟ್ಟಿಗೆಯ ಕರು ಹಸುವಾಗಿ, ಆ ಹಸುವಿಗೂ ಮೊಮ್ಮಗಳಾಗಿತ್ತು. ವಿಮಾನ ಹತ್ತಿ ಕೂತವಳು ಪಟ್ಟಿ ಕಟ್ಟಿಕೊಳ್ಳುವ ಮೊದಲೇ ನಿದ್ದೆ ಹೋದಳು. ಆ ನಿದ್ದೆ ಮುಂದೆ ಒಂದು ವರ್ಷ ಪೂರ್ತಿಯಾಗಲಿಲ್ಲ.

ಉತ್ತರ ಇಂಗ್ಲೆಂಡಿನ ಆ ಊರಿನಲ್ಲಿ ಅವಳಿಗೆ ಸಿಕ್ಕಿದ ಕೆಲಸ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಯಮನೆಯಲ್ಲಿ. ಎಬ್ಬಿಸುವುದು, ತೊಳೆಸುವುದು, ಉಣ್ಣಿಸುವುದು, ಮತ್ತೆ ಮಲಗಿಸುವುದು. ಮಂಗಳವಾರ ಆರು ಗಂಟೆ, ಬುಧವಾರ ಎಂಟು, ಶುಕ್ರವಾರ ಆರು. ಕೂಡಿದರೆ ಪಾಲಾಕ್ಷನ ಇಪ್ಪತ್ತು. ಉಳಿದ ಹೊತ್ತು ತರಗತಿ, ಪ್ರಯೋಗಾಲಯ, ಗ್ರಂಥಾಲಯ. ಆಶ್ರಯಮನೆಯ ಕಾರಿಡಾರು ಎಷ್ಟು ಉದ್ದವೆಂದರೆ, ಒಂದು ದಿನ ಅವಳು ಅದರಲ್ಲಿ ನಡೆದದ್ದನ್ನು ನೆಟ್ಟಗೆ ನಡೆದಿದ್ದರೆ ಮಧ್ಯಾಹ್ನದ ಊಟಕ್ಕೆ ಹಾಸನದಲ್ಲಿರುತ್ತಿದ್ದಳು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತಳು. ಬ್ಯಾಕ್ಟೀರಿಯಾಗಳ ಬಗ್ಗೆ ಪಾಠ ಕೇಳುತ್ತಾ, ಅವಕ್ಕಾದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಬರಾಗುವ ಅನುಕೂಲ ಇದೆಯಲ್ಲ ಎಂದು ಹೊಟ್ಟೆಕಿಚ್ಚುಪಟ್ಟಳು.

ಅವಳ ಪಾಲಿನ ಕೋಣೆಯಲ್ಲಿದ್ದವಳು ಮಾರ್ಗರೆಟ್ ಎಂಬ ತೊಂಬತ್ತು ದಾಟಿದ ಅಜ್ಜಿ. ಪ್ರಾಯದಲ್ಲಿ ಬಸ್ ಕಂಡಕ್ಟರ್ ಆಗಿದ್ದವಳು. ಈಗ ಬೇರೆಲ್ಲ ಮರೆತು ಅದೊಂದು ಉಳಿದಿತ್ತು. ಕೋಣೆಗೆ ಯಾರು ಬಂದರೂ ಟಿಕೆಟ್ ಕೇಳುತ್ತಿದ್ದಳು. ರೂಪಶ್ರೀ ಹೋದಾಗಲೆಲ್ಲ ದುದ್ದಕ್ಕೆ ಒಂದು ಟಿಕೆಟ್ ಕೇಳುತ್ತಿದ್ದಳು. ಅಜ್ಜಿ ಪ್ರತಿ ಸಲ ಅವಳ ಅಂಗೈಯಲ್ಲಿ ಬೆರಳಿಂದ ಒಂದು ಗೀಟು ಹಾಕಿ, ಹಿಂದೆ ಜಾಗ ಇದೆ, ಹೋಗಿ ಕೂತುಕೋ ಎನ್ನುತ್ತಿದ್ದಳು. ಕೂರುವ ಭಾಗ್ಯ ಮಾತ್ರ ರೂಪಶ್ರೀಗೆ ಇರಲಿಲ್ಲ.

ಅಲ್ಲಿ ಜೊತೆಯಾದವಳು ಅಬೆನಾ, ಘಾನಾ ದೇಶದವಳು. ಅವಳು ವಿದ್ಯಾರ್ಥಿಯಲ್ಲ, ಅವಳಿಗೆ ಗಂಟೆಯ ಕಟ್ಟು ಇರಲಿಲ್ಲ. ಊರಿನಲ್ಲಿ ನರ್ಸ್ ಆಗಿದ್ದವಳು, ಇಲ್ಲಿಯೂ ನರ್ಸ್ ಆಗಲು ಪರೀಕ್ಷೆ ಕಟ್ಟಿ ಕಾಯುತ್ತಿದ್ದಳು. ಮಾರ್ಚ್ ತಿಂಗಳಲ್ಲಿ ರೂಪಶ್ರೀಗೆ ಒಂದು ಬುಧವಾರವೇ ಪರೀಕ್ಷೆ ಬಿತ್ತು. ರಜ ಸಿಗಲಿಲ್ಲ. ಆಗ ಅಬೆನಾ, ನಿನ್ನ ಬುಧವಾರ ನಾನು ಮಾಡುತ್ತೇನೆ, ಮುಂದಿನ ವಾರ ನನ್ನ ಶನಿವಾರ ನೀನು ಮಾಡು ಎಂದಳು. ಆ ಶನಿವಾರವೇ ಬೇರೆ ಊರಿನಲ್ಲಿ ಅವಳ ನರ್ಸಿಂಗ್ ಪರೀಕ್ಷೆ.

ರೂಪಶ್ರೀಗೆ ಒಂದು ಕ್ಷಣ ಇಂಗ್ಲೆಂಡೇ ಮಾಯವಾಯಿತು. ಇದು ಮುಯ್ಯಿ. ದುದ್ದದಲ್ಲಿ ರಾಗಿ ಕಳೆ ಕೀಳುವ ಕಾಲಕ್ಕೆ ರೇವಮ್ಮ ಇವರ ಹೊಲಕ್ಕೆ ಬರುತ್ತಾಳೆ, ಇನ್ನೊಂದು ದಿನ ಅವ್ವ ರೇವಮ್ಮನ ಹೊಲಕ್ಕೆ ಹೋಗುತ್ತಾಳೆ. ಕೂಲಿ ಇಲ್ಲ, ಕಾಗದ ಇಲ್ಲ. ಆಳಿಗೆ ಆಳು, ದಿನಕ್ಕೆ ದಿನ. ಅಷ್ಟೇ ಮುಯ್ಯಾಳಿನ ಲೆಕ್ಕ. ತಂದ ಸಾಲ ತೀರಿಸದಿದ್ದವನನ್ನು ಊರು ಎರಡು ವರ್ಷದಲ್ಲಿ ಮರೆಯುತ್ತದೆ. ಮುಯ್ಯಿ ತೀರಿಸದ ಮನೆಯವರ ಮೊಮ್ಮಕ್ಕಳ ಮದುವೆಯಲ್ಲೂ ಆ ಮಾತು ಬರುತ್ತದೆ. ಅವಳು ಅಬೆನಾಗೆ ಇದನ್ನು ಹೇಳಿದಾಗ ಅವಳು ನಕ್ಕು, ನಮ್ಮ ಕಡೆಯೂ ಕೋಕೋ ತೋಟಗಳಲ್ಲಿ ಹೀಗೇ ಮಾಡುತ್ತಾರೆ, ಅದಕ್ಕೆ ನ್ನೊಬೋವಾ ಎನ್ನುತ್ತೇವೆ ಎಂದಳು. ಇಬ್ಬರೂ ಕೈ ಕುಲುಕಿದರು. ಇಂಗ್ಲೆಂಡಿನ ಕಾನೂನನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

ರೂಪಶ್ರೀಯ ಪರೀಕ್ಷೆ ಮುಗಿಯಿತು. ಮರುವಾರ ಸೋಮವಾರ ಆಶ್ರಯಮನೆಯ ಮೇಲ್ವಿಚಾರಕಿ ಅವಳನ್ನು ಕರೆದು ಕಂಪ್ಯೂಟರಿನಲ್ಲಿ ವಾರದ ಪಾಳಿಯ ಪಟ್ಟಿ ತೋರಿಸಿದಳು. ಅವಳ ಹೆಸರು ಹಣ್ಣಾದ ಮೆಣಸಿನಕಾಯಿಯ ಹಾಗೆ ಕೆಂಪಗಿತ್ತು. ಈ ವಾರ ಇಪ್ಪತ್ತೆಂಟು ಗಂಟೆ ಆಗುತ್ತದೆ, ಸಾಧ್ಯವಿಲ್ಲ ಎಂದಳು. ರೂಪಶ್ರೀ ನಿಧಾನವಾಗಿ ವಿವರಿಸಿದಳು. ಹೋದ ವಾರ ಹನ್ನೆರಡೇ ಮಾಡಿದ್ದೇನೆ, ಈ ವಾರ ಇಪ್ಪತ್ತೆಂಟು, ಎರಡು ವಾರಕ್ಕೆ ನಲವತ್ತು, ಸರಿಹೋಯಿತಲ್ಲ. ದುದ್ದದಲ್ಲಿ ಯಾವ ಮಗುವನ್ನು ಕೇಳಿದರೂ ಇದೇ ಲೆಕ್ಕ ಹೇಳುತ್ತಿತ್ತು. ಮೇಲ್ವಿಚಾರಕಿ ಕೆಟ್ಟವಳಲ್ಲ. ಬೇಸರದಿಂದಲೇ ಹೇಳಿದಳು.

"ಹೋದ ವಾರದ ಗಂಟೆ ಹೋದ ವಾರವೇ ಸತ್ತುಹೋಯಿತು, ರೂಪಾ. ಸೋಮವಾರದಿಂದ ಭಾನುವಾರ, ಇಪ್ಪತ್ತು. ಸಂಬಳ ಬೇಡ ಎಂದರೂ ಅದು ಲೆಕ್ಕವೇ. ಮೀರಿದರೆ ನಿನ್ನ ವೀಸಾ ಹೋಗುತ್ತದೆ."

ರೂಪಶ್ರೀ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಳು. ಶನಿವಾರ ಕೆಲಸ ಮಾಡಿದರೆ ಓದು ಅರ್ಧಕ್ಕೆ ನಿಂತು ಊರು ಸೇರಬೇಕು. ಮಾಡದಿದ್ದರೆ ಅಬೆನಾಗೆ ರಜ ಇಲ್ಲ, ಪರೀಕ್ಷೆ ಇಲ್ಲ. ಅವಳಿಂದ ಮುಯ್ಯಿ ತಿಂದು ಕೂತಂತೆ. ಎರಡರಲ್ಲಿ ಯಾವುದು ಹೆಚ್ಚು ನಾಚಿಕೆ ಎಂದು ತೂಗಿ ನೋಡಲೂ ಅವಳಿಗೆ ತ್ರಾಣ ಇರಲಿಲ್ಲ. ಅಲ್ಲಿ ಮಧ್ಯಾಹ್ನ, ದುದ್ದದಲ್ಲಿ ಸಂಜೆ ಹಾಲು ಕರೆಯುವ ಹೊತ್ತು. ಅವ್ವನಿಗೆ ಫೋನ್ ಮಾಡಿದಳು. ದೊಡ್ಡತಾಯಮ್ಮ ಫೋನನ್ನು ಕೆನ್ನೆಗೂ ಹೆಗಲಿಗೂ ಮಧ್ಯೆ ಸಿಕ್ಕಿಸಿಕೊಂಡು, ಕರೆಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಹಿಂದೆ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು.

"ಅಲ್ಲ ಕಣಮ್ಮಿ, ನಿನ್ ಬುಧುವಾರ ಅವ್ಳಿಗೆ ಕೊಟ್ಬುಡು. ಅವ್ಳ ಸನಿವಾರ ನೀನ್ ಮಾಡು. ಇಪ್ಪತ್ತು ಇಪ್ಪತ್ತಾಗೇ ಇರ್ತದಲ್ಲ."

ಅದು ರೂಪಶ್ರೀಗೂ ಹೊಳೆದಿತ್ತು. ಆದರೆ ಅದು ತೀರಿಸಿದಂತೆ ಆಗಲಿಲ್ಲವಲ್ಲ ಎಂದಳು. ಅವಳ ಶನಿವಾರಕ್ಕೆ ಈ ವಾರದ ಬುಧವಾರವನ್ನು ಅವಳೇ ಮಾಡಿಕೊಟ್ಟ ಹಾಗಾಯಿತು. ಹೋದ ವಾರದ ಒಂದು ಆಳು ನನ್ನ ತಲೆ ಮೇಲೆ ಹಾಗೇ ಉಳಿಯಿತು. ಈ ಇಪ್ಪತ್ತರ ಕಟ್ಟು ಇರುವ ತನಕ ನಾನು ಯಾವ ವಾರದಲ್ಲೂ ತೀರಿಸುವ ಹಾಗಿಲ್ಲ.

"ಉಳೀಲಿ ಬುಡು."

"ಉಳೀಲಿ ಅಂದ್ರೆ ಎಂಗವ್ವ?"

ಹಾಲಿನ ಸದ್ದು ನಿಂತಿತು. "ನಾನೂ ರೇವಮ್ಮನೂ ನೀನ್ ಉಟ್ಟಕ್ ಮುಂಚಿಂದ ಮುಯ್ಯಾಳು. ಯಾವತ್ತಾರ ಪೂರ್ತಿ ತೀರ್ಸಿದ್ದ ಕಂಡಿದ್ದೀಯಾ? ಒಂದಾಳು ಯಾವಾಗ್ಲೂ ಬಾಕಿ ಮಡಿಕಂಡಿರ್ತೀವಿ. ಒಂದ್ಸಲ ಅವ್ಳ ಕಡೆ, ಒಂದ್ಸಲ ನನ್ ಕಡೆ. ತೀರ್ಸ್‌ಬುಟ್ರೆ ನಾಳೀಕೆ ಯಾವ್ ಮೊಕ ಮಡಿಕಂಡು ಕರೀಲಿ ಅವ್ಳ್ನ? ಕೊಡಲ್ಲ ಅನ್ನದು ತೆಪ್ಪು ಕಣಮ್ಮಿ. ಬಾಕಿ ಅದೆ ಅಂತ ಒಪ್ಕಂಡು ಮಡಿಕಳದು ತೆಪ್ಪಲ್ಲ. ಓಗು, ಅವ್ಳ್ ತಾವ ಏಳು."

ರೂಪಶ್ರೀ ಹೋಗಿ ಹೇಳಿದಳು. ಅಬೆನಾ, ಸರಿ, ಆದರೆ ನೀನು ಸತ್ತರೆ ನಿನ್ನ ಮಕ್ಕಳಿಂದ ವಸೂಲು ಮಾಡುತ್ತೇನೆ ಎಂದಳು. ರೂಪಶ್ರೀ, ಮೊದಲು ಮಕ್ಕಳಾಗಲಿ, ಅದಕ್ಕೂ ಮೊದಲು ಒಂದು ನಿದ್ದೆಯಾಗಲಿ ಎಂದಳು. ಮೇಲ್ವಿಚಾರಕಿ ಎರಡು ಹೆಸರು ಅದಲುಬದಲು ಮಾಡಿದಳು. ಕಂಪ್ಯೂಟರಿನ ಕೆಂಪು ಇಳಿಯಿತು.

ಶನಿವಾರ ಬಂತು. ಆ ದಿನ ಆಶ್ರಯಮನೆಯ ಲಿಫ್ಟ್ ಕೆಟ್ಟಿತ್ತು. ಊಟದ ತಟ್ಟೆಗಳನ್ನು ಹೊತ್ತು ಅವಳು ಹತ್ತಿದ ಮೆಟ್ಟಿಲು ಶ್ರವಣಬೆಳಗೊಳದ ಬೆಟ್ಟವನ್ನು ನಾಚಿಸುವಂತಿದ್ದವು. ವ್ಯತ್ಯಾಸ ಇಷ್ಟೇ, ಇಲ್ಲಿ ಮೇಲೆ ಹೋದರೆ ದರ್ಶನಕ್ಕೆ ಇನ್ನೊಂದು ಎಂಜಲು ತಟ್ಟೆ ಕಾದಿರುತ್ತಿತ್ತು. ಸಂಜೆ ಪಾಳಿಯ ಎಂಟನೇ ಗಂಟೆ ಮುಗಿಯುವ ಹೊತ್ತಿಗೆ ಅವಳ ಕಾಲು ಅವಳದಾಗಿರಲಿಲ್ಲ. ಅಲ್ಲಿಗೆ ಆ ವಾರದ ಇಪ್ಪತ್ತು ಸರಿಯಾಗಿ ತುಂಬಿತು. ಆದರೆ ಅವಳ ಜಾಗಕ್ಕೆ ಬರಬೇಕಾದವಳ ಬಸ್ ಎಲ್ಲೋ ಮಳೆಗೆ ಸಿಕ್ಕಿತ್ತು. ಮೇಲ್ವಿಚಾರಕಿ ಮೇಲಿನ ಮಹಡಿಯಲ್ಲಿ ಬಿದ್ದ ಅಜ್ಜನೊಬ್ಬನ ಬಳಿ ಇದ್ದಳು. ಕೆಳಗೆ ಮಾರ್ಗರೆಟ್ ಅಜ್ಜಿ ಒಬ್ಬಳೇ, ಯಾರಾದರೂ ಇದ್ದೀರಾ ಎಂದು ಕೂಗುತ್ತಿದ್ದಳು.

ರೂಪಶ್ರೀ ಕೋಟು ಹಾಕಿಕೊಂಡು ಬಾಗಿಲ ತನಕ ಹೋದಳು. ಅಲ್ಲೇ ನಿಂತಳು. ಹಸು ಕರು ಹಾಕುವಾಗ ಗಡಿಯಾರ ನೋಡಿಕೊಂಡು ಎದ್ದು ಹೋದವರನ್ನು ಅವಳು ದುದ್ದದಲ್ಲಿ ಕಂಡಿರಲಿಲ್ಲ. ಒಂದು ಚಮಚ ನೀರು ಕುಡಿಸಿದರೂ ಅದು ಇಪ್ಪತ್ತೊಂದನೇ ಗಂಟೆಯೇ ಎಂದು ಪಾಲಾಕ್ಷ ಎಲ್ಲಿಂದಲೋ ಸ್ವೆಟರ್ ಹಾಕಿಕೊಂಡು ನೋಡುತ್ತಿದ್ದ. ಅವಳು ಕೆಲಸ ಮುಗಿಸಿದ ಹೊತ್ತು ಬರೆದು ಸಹಿ ಹಾಕಿದಳು. ಸಮವಸ್ತ್ರ ಕಳಚಿ ಚೀಲಕ್ಕೆ ತುರುಕಿದಳು. ಬಾಗಿಲಲ್ಲಿದ್ದ ಪುಸ್ತಕದಲ್ಲಿ, ಮಕ್ಕಳು ಮೊಮ್ಮಕ್ಕಳು ಹೆಸರು ಬರೆಯುವ ಕಡೆ, ರೂಪಶ್ರೀ, ದುದ್ದ ಎಂದು ಬರೆದು, ನೋಡಲು ಬಂದವಳ ಹಾಗೆ ಒಳಗೆ ಹೋಗಿ ಅಜ್ಜಿಯ ಎದುರಿನ ಕುರ್ಚಿಯಲ್ಲಿ ಕೂತಳು. ಅಭ್ಯಾಸಬಲದಿಂದ ಕೆಲಸಕ್ಕೆ ಚಾಚೀತೆಂದು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು. ಆರು ತಿಂಗಳಲ್ಲಿ ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು.

ಅಜ್ಜಿ ಕೂಗುವುದನ್ನು ನಿಲ್ಲಿಸಿ ಟಿಕೆಟ್ ಕೇಳಿದಳು. ರೂಪಶ್ರೀ, ದುದ್ದಕ್ಕೆ ಒಂದು ಎಂದಳು. ಅಜ್ಜಿ ಅಂಗೈ ಹುಡುಕಿದಳು, ಸಿಗಲಿಲ್ಲ. ಮೊಣಕಾಲ ಮೇಲೆಯೇ ಗೀಟು ಹಾಕಿದಳು.

ಅರ್ಧ ಗಂಟೆ ಕಳೆದು ಮೇಲ್ವಿಚಾರಕಿ ಓಡಿಬಂದು ಬಾಗಿಲು ತೆಗೆದಾಗ ನೋಡಲು ಬಂದವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಕಿಟಕಿಯ ಗಾಜು ಅದಕ್ಕೆ ತಾಳ ಹಾಕುತ್ತಿತ್ತು. ತೊಡೆಯ ಮೇಲೆ ಫೋನಿನಲ್ಲಿ ಅಬೆನಾಳ ಸಂದೇಶ ಬಂದು ಕೂತಿತ್ತು: ಪರೀಕ್ಷೆ ಬರೆದೆ, ಬರುತ್ತಾ ಇದ್ದೇನೆ, ಒಂದು ಆಳು ಬಾಕಿ ನೆನಪಿರಲಿ. ಮೇಲ್ವಿಚಾರಕಿ ಎಬ್ಬಿಸಲು ಕೈ ಚಾಚಿದಳು. ಮಾರ್ಗರೆಟ್ ಅಜ್ಜಿ ತನ್ನ ಕೋಲನ್ನು ಅಡ್ಡ ಹಿಡಿದು, ತಗ್ಗಿದ ದನಿಯಲ್ಲಿ, ಕಂಡಕ್ಟರಿಕೆಯ ಪೂರ್ತಿ ಅಧಿಕಾರದಿಂದ ಹೇಳಿದಳು.

"ಬೇಡ. ಈಕೆ ಕೊನೇ ಸ್ಟಾಪಿನವಳು. ಇನ್ನೂ ಬಹಳ ದೂರ ಇದೆ."